ಹಬ್ಬವನ್ನು ಗುಂಜಿಗೆ ಅಟ್ಟಿದ ಸಾಹೇಬರಿಗೆ

ಮೆರವಣಿಗೆಗಳಿಗೆ ಪರವಾನಗಿ ಕೊಡುವ, ಮನಸ್ಸಿಲ್ಲದಿದ್ದರೆ ಕೊಡದಿರುವ ಮಾನ್ಯರೇ,

ಬರುವ ರವಿವಾರ ಬೆಳಗಾವಿಯ ಶಹಾಪುರದ ಓಣಿಗಳಲ್ಲಿ ಹಾದುಹೋಗಬೇಕಿದ್ದ ಸ್ವಾಭಿಮಾನದ ಮೆರವಣಿಗೆಯನ್ನು ತಾವು ಎತ್ತಿ ಖಾನಾಪುರ ತಾಲೂಕಿನ ಗುಂಜಿಯಲ್ಲಿ, ಅಡವಿಯ ಅಂಚಿನ ಒಂದು ಬಯಲಿನಲ್ಲಿ ಇಟ್ಟಿದ್ದೀರಿ. ಗಂಡಸನ್ನು ಪ್ರೀತಿಸುವ ಗಂಡಸರು, ಹೆಂಗಸನ್ನು ಪ್ರೀತಿಸುವ ಹೆಂಗಸರು, ಗಂಡೆಂದು ಬೆಳೆಸಿದರೂ ಹೆಣ್ಣಾಗಿ ಬಾಳುವವರು, ಹೀಗೆ ಎಲ್ಲರೂ ವರ್ಷಕ್ಕೊಂದು ಊರಿನಲ್ಲಿ ಕೂಡಿ ಮಾಡುವ ಹಬ್ಬ ಅದು. ಈ ವರ್ಷ ಬೆಳಗಾವಿಯ ಪಾಳಿ. ಅಟ್ಟಿದ್ದಕ್ಕೆ ಕಾರಣವೇನೆಂದು ನೋಡಿದರೆ ತಮ್ಮ ಆದೇಶ ಇಂಗ್ಲಿಷಿನಲ್ಲಿ ಮಾತಾಡುತ್ತದೆ: ‘ಇನ್ ದಿ ಇಂಟರೆಸ್ಟ್ ಆಫ್ ಪಬ್ಲಿಕ್ ಟ್ರ್ಯಾಂಕ್ವಿಲಿಟಿ’. ಟ್ರ್ಯಾಂಕ್ವಿಲಿಟಿ ಎಂದರೆ ನೆಮ್ಮದಿ ಎಂದು ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಸರ್ ಹೇಳಿದ ನೆನಪು. ಅಧಿಕಾರಿಗಳಿಗೆ ಬರೆಯುವಾಗ ‘ಐ ಬೆಗ್ ಟು’ ಏನೋ ಒಂದು ಸೇರಿಸಬೇಕೆಂದೂ ಅವರೇ ಕಲಿಸಿದ್ದರು. ಮುಂದಿನ ಶಬ್ದ ಮರೆತಿದೆ. ನೆನಪಿದ್ದರೂ ಬರೆಯುತ್ತಿರಲಿಲ್ಲ, ಬೆಗ್ ಮಾಡುವ ವಿಚಾರ ನನಗಿಲ್ಲ.

ಬೆಳಗಾವಿಯ ನೆಮ್ಮದಿಯ ಮೇಲೆ ತಮಗೆ ಇಷ್ಟು ಕಕ್ಕುಲಾತಿ ಯಾವಾಗ ಹುಟ್ಟಿತು? ಗಣಪತಿ ಕಳಿಸುವ ದಿನ ಡಾಲ್ಬಿ ಸ್ಪೀಕರುಗಳ ಹೊಡೆತಕ್ಕೆ ಅಡುಗೆಮನೆಯ ಪಾತ್ರೆಗಳು ತಾವಾಗಿ ಕುಣಿಯುತ್ತವೆ. ಅಧಿವೇಶನ ಬಂದರೆ ಟೆಂಟಿಗೊಂದು ಘೋಷಣೆ. ಭಾಷೆಯ ಹೆಸರಿನಲ್ಲಿ ಬಸ್ಸಿಗೆ ಮಸಿ ಬಳಿಯುವವರಿಗೂ ರಸ್ತೆ ಸಿಗುತ್ತದೆ. ಅವರಾರನ್ನೂ ಕಾಡಿಗೆ ಕಳಿಸಿದ್ದು ನಾನು ಕೇಳಿಲ್ಲ. ಸಂಘಟಕರ ಜೊತೆ ತಮ್ಮ ಕಚೇರಿಗೆ ಬಂದಾಗ ಗುಮಾಸ್ತರು ನನ್ನನ್ನು ಕೇಳಿದರು:

“ಯಾವ ದೇವರದ್ರಿ ಮೆರವಣಿಗಿ?”

“ದೇವರದ್ದಲ್ರಿ.”

“ಹಂಗಾರ ಬೇಡಿಕಿ ಏನೈತ್ರಿ?”

“ಬೇಡಿಕಿನೂ ಇಲ್ರಿ. ಹಬ್ಬ ಐತಿ. ಹಾಡ್ಕೋತ ಕುಣ್ಕೋತ ಹೋಗೂದು.”

ಅವರು ಪೆನ್ನು ಕೆಳಗಿಟ್ಟರು. “ದೇವರೂ ಇಲ್ಲ, ಬೇಡಿಕಿನೂ ಇಲ್ಲ. ಸುಮ್ನ ಖುಷೀಲೆ ಹೊಂಟೀವಿ ಅಂದ್ರ ಸಾಹೇಬರ ಮುಂದ ಏನಂತ ಇಡ್ಲಿ, ಯಜಮಾನ್ರ? ರಸ್ತಾ ರಿಪೇರಿ ಮಾಡ್ರಿ ಅಂತ ಒಂದು ಬೇಡಿಕಿ ಹಚ್ಚಿ ಕೊಡ್ರಿ, ನಡೀತೈತಿ.”

ತಮ್ಮ ಕಚೇರಿಯಲ್ಲಿ ನಮಗೆ ಉಪಕಾರ ಮಾಡಲು ನೋಡಿದವರು ಅವರೊಬ್ಬರೇ.

‘ಭಾಗವಹಿಸುವವರ ಸುರಕ್ಷತೆ’ ಎಂಬ ಇನ್ನೊಂದು ಕಾರಣವನ್ನೂ ಕೊಟ್ಟಿದ್ದೀರಿ. ನಾನು ಖಾನಾಪುರದವನು, ಗುಂಜಿಯನ್ನು ಬಲ್ಲೆ. ಅಲ್ಲಿ ನಿಲ್ಲುವ ರೈಲು ಕಡಿಮೆ, ಅಡವಿಯಿಂದ ಇಳಿಯುವ ಕರಡಿಗಳು ಹೆಚ್ಚು. ಮನುಷ್ಯರಿಂದ ಕಾಪಾಡಲು ಕರಡಿಗಳ ಹತ್ತಿರ ಕಳಿಸುವ ಆಡಳಿತವನ್ನು ನಾನು ಈ ವಯಸ್ಸಿನಲ್ಲಿ ಮೊದಲ ಸಲ ನೋಡುತ್ತಿದ್ದೇನೆ. ಇನ್ನು ಗುಂಜಿಯ ಜನ. ಅವರು ಒಳ್ಳೆಯವರು, ಬಂದವರಿಗೆ ಚಹಾ ಕೊಟ್ಟೇ ಕಳಿಸುತ್ತಾರೆ. ಆದರೆ ಪಾಳಿ ಅವರದಲ್ಲ, ಬೆಳಗಾವಿಯದು. ಕರೆದ ಬೀಗರನ್ನು ನೆರೆಯವರ ಹಿತ್ತಿಲಲ್ಲಿ ಕೂರಿಸಿ ಊಟ ಹಾಕುವ ಮನೆಗೆ ಏನನ್ನುತ್ತಾರೆ ಎಂದು ತಮ್ಮ ಮನೆಯಲ್ಲಿ ಒಮ್ಮೆ ಕೇಳಿ ನೋಡಿ.

ಹೆಂಡತಿ ಸತ್ತ ಮುದುಕನಿಗೆ ಈ ಹಬ್ಬದ ಉಸಾಬರಿ ಯಾಕೆ ಎಂದು ತಾವು ಕೇಳಬಹುದು. ಹೇಳುತ್ತೇನೆ. ನನ್ನ ಹೆಂಡತಿ ಹೀರಾಬಾಯಿ ಕೊನೆಯ ಸಲ ನೆಹರು ನಗರದ ಆಸ್ಪತ್ರೆಯಲ್ಲಿದ್ದಾಗ ಅವಳ ಕಿರಿಯ ತಮ್ಮ ಅತಿಶಯ ಮೈಸೂರಿನಿಂದ ಬಂದು ಹಾಸಿಗೆಯ ಪಕ್ಕ ಕೂತ. ಸಂಗಡ ಶಶಿಧರ. ಇಬ್ಬರೂ ಒಂದು ಮನೆ ಮಾಡಿ ತಲೆ ನರೆಯುವ ತನಕ ಬಾಳಿದವರು. ಸಿಕ್ಕಾದ ಕೂದಲು ಬಿಡಿಸಿ ಹೆರಳು ಹಾಕಲು ನನಗೆ ಬಾರದು, ಅತಿಶಯನಿಗೂ ಬಾರದು. ಶಶಿಧರನಿಗೆ ಬರುತ್ತಿತ್ತು, ತಂಗಿಯರ ನಡುವೆ ಬೆಳೆದವನು. ದಿನಾ ಮುಂಜಾನೆ ಅವನೇ ಹಾಕುತ್ತಿದ್ದ. ಬಾಜೂ ಕಾಟಿನ ಹೆಂಗಸು ನೋಡಿ ನೋಡಿ ಕೇಳಿದಳು, “ಇವ್ರು ನಿಮಗ ಏನಾಗಬೇಕ್ರಿ ಅಕ್ಕಾರ?”

“ನಮ್ಮ ತಮ್ಮನ ಮನಿಯವ್ರು,” ಎಂದಳು ಹೀರಾಬಾಯಿ.

ಆಕೆ ತನ್ನ ತಲೆ ಮುಟ್ಟಿ ನೋಡಿಕೊಂಡಳು. “ಹಂಗಾರ ನಾಳಿ ನನಗೂ ಒಂದು ಹೆರಳ ಹಾಕಾಕ ಹೇಳ್ರಿ. ನನ್ನ ಸೊಸಿ ಜಗ್ಗಿ ಜಗ್ಗಿ ಹಾಕತಾಳ.”

ವಾರ್ಡು ತುಂಬ ಜನರಿದ್ದರು ಸಾಹೇಬರೇ. ಯಾರ ಟ್ರ್ಯಾಂಕ್ವಿಲಿಟಿಯೂ ಕೆಡಲಿಲ್ಲ.

ಕೆಟ್ಟದ್ದು ಶಹಾಪುರದ ಒಂದೇ ಮನೆಯಲ್ಲಿ. ಅದು ಹೀರಾಬಾಯಿಯ ತವರು. ಅಲ್ಲಿನ ಮಗ್ಗಗಳೂ ಬಾಗಿಲೂ ಈಗ ಅವಳ ಅಣ್ಣನವು. ಅತಿಶಯ ಹೊಸ್ತಿಲು ತುಳಿಯಕೂಡದು ಎಂದು ಅವನ ಅಪ್ಪಣೆ. ತಾಯಿ ಆ ಅಣ್ಣನ ಹತ್ತಿರವೇ ಇದ್ದಾಳೆ, ಮಂಡಿನೋವಿನಿಂದ ಕಟ್ಟೆ ಇಳಿಯಲಾರಳು. ಒಮ್ಮೆ ನಾನೇ ಅತಿಶಯನಿಗೆ ಹೇಳಿದೆ, “ಅಣ್ಣ ಊರಾಗ ಇಲ್ಲದಾಗ ಬಂದು ಅವ್ವನ್ನ ನೋಡಿ ಹೋಗಪಾ.” ಅಕ್ಕನ ಗಂಡನಾದ ನನ್ನನ್ನು ಅವನು ದಾಜಿ ಎನ್ನುತ್ತಾನೆ. “ಕಳ್ಳನಂಗ ಬರಂಗಿಲ್ಲ ದಾಜಿ,” ಎಂದ. “ಬಂದ್ರ ವಾಜಂತ್ರಿ ಬಾರಿಸ್ಕೋತ ಬರತೀನಿ.”

ವಾಜಂತ್ರಿ ಬಾರಿಸುತ್ತ ಬರುವ ಕಾಲವೂ ಬಂತು. ಹಬ್ಬದ ಪಾಳಿ ಬೆಳಗಾವಿಗೆ, ಮೆರವಣಿಗೆಯ ದಾರಿ ಆ ಮನೆಯ ಮುಂದೆಯೇ. ಅಣ್ಣ ಬಾಗಿಲು ಹಾಕಿಕೊಳ್ಳಬಹುದು, ರಸ್ತೆ ಅವನ ಹೆಸರಿನಲ್ಲಿಲ್ಲ. ನಾನು ಹೋಗಿ ಅತ್ತೆಗೆ ಸುದ್ದಿ ಮುಟ್ಟಿಸಿದೆ.

“ಒಬ್ಬನ ಬರತಾನೋ, ಶಶಿಧರನೂ ಬರತಾನೋ?” ಎಂದಳು.

“ಇಬ್ಬರೂ ಬರತಾರ, ಅತ್ತಿ.”

“ಹೊತ್ತು ಮುಣಗೂದರೊಳಗ ಬಾ ಅಂತ ಹೇಳ್ರಿ ಅಳ್ಯಾರ. ಆಮ್ಯಾಲ ನಾ ಏನೂ ತಿನ್ನಂಗಿಲ್ಲ, ಗೊತ್ತೈತಿ ಅವಂಗ. ಅಂವ ತಂದ ಮೈಸೂರಪಾಕದ ಮಾರಿ ಬೆಳಗಾಗೂತನಕ ನೋಡ್ಕೋತ ಕುಂದರ್ಲೇನು?”

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಇನ್ನೊಂದು ಪದ್ಧತಿಯೂ ಇದೆ. ಯಾವ ಮೆರವಣಿಗೆ ಬಂದರೂ ಮನೆಯ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಬೇಕು. ರವಿವಾರ ದೊಡ್ಡ ರಂಗೋಲಿ ಹಾಕೆಂದು ಅತ್ತೆ ಸೊಸೆಗೆ ಹೇಳಿದಳು. “ಇಂಥಾದ್ದಕ್ಕೂ ರಂಗೋಲಿ ಏನಬೇ?” ಎಂದು ಹಿರಿಯ ಮಗ ಗೊಣಗಿದ. “ಯಾರ್ಯಾರದೋ ಮೆರವಣಿಗಿಗೆ ಹಾಕೀವಿ. ಇದರಾಗ ನನ್ನ ಮಗ ಅದಾನ,” ಎಂದಳು. ಅವನು ಬೇಡ ಎನ್ನದೆ ಎದ್ದು ಹೋಗಿ ಮಗ್ಗ ಚಾಲೂ ಮಾಡಿದ. ನನಗೆ ಅಷ್ಟೇ ಸಾಕಾಗಿತ್ತು. ರವಿವಾರ ಬಾಗಿಲು ತೆರೆಯದಿದ್ದರೂ ಆ ಮಗ್ಗವಾದರೂ ಸ್ವಲ್ಪ ಹೊತ್ತು ನಿಂತೀತು ಎಂಬ ಆಸೆ.

ಅಷ್ಟರಲ್ಲಿ ತಮ್ಮ ಆದೇಶ. ಮನೆಯ ಬಾಗಿಲನ್ನು ಅಣ್ಣ ಮುಚ್ಚಿದ್ದ, ರಸ್ತೆಯನ್ನು ತಾವು ಮುಚ್ಚಿದಿರಿ. ಅವನಾದರೂ ತನ್ನ ಸ್ವಂತದ್ದನ್ನು ಮುಚ್ಚಿದ್ದ. ‘ಓಣಿಯ ಹಿರಿಯರ ಅಭಿಪ್ರಾಯ ಪಡೆಯಲಾಗಿದೆ’ ಎಂದು ಬರೆದಿದ್ದೀರಿ. ಆ ಓಣಿಯಲ್ಲಿ ನಮ್ಮ ಅತ್ತೆಗಿಂತ ಹಿರಿಯರು ಯಾರಿದ್ದಾರೆ? ಆಕೆಯನ್ನು ಕೇಳಿದಿರಾ? ಮೀಸೆ ಇದ್ದವರನ್ನಷ್ಟೇ ಹಿರಿಯರೆಂದು ಎಣಿಸುವ ನಿಯಮವಿದ್ದರೆ ಅದನ್ನೂ ಇಂಗ್ಲಿಷಿನಲ್ಲಿ ಹಾಕಿಬಿಡಿ, ಗೌರವದಿಂದ ಓದಿಕೊಳ್ಳುತ್ತೇವೆ.

ಈ ಪಾಳಿ ಎಲ್ಲ ಊರು ಸುತ್ತಿ ಮತ್ತೆ ಬೆಳಗಾವಿಗೆ ಬರುವ ಹೊತ್ತಿಗೆ ತಾವು ಬಡ್ತಿ ಪಡೆದು ಬೇರೆಲ್ಲೋ ನೆಮ್ಮದಿ ಕಾಯುತ್ತಿರುತ್ತೀರಿ. ಅತ್ತೆ ಇರುವುದಿಲ್ಲ. ಅತಿಶಯ ಆ ಓಣಿಗೆ ಬರುವುದನ್ನು ನೋಡುವ ಆಸೆ ಹೀರಾಬಾಯಿಗೂ ಇತ್ತು, ಅವಳೂ ಇಲ್ಲ.

ಆದ್ದರಿಂದ ಗುಂಜಿಯ ಆದೇಶವನ್ನು ಹಿಂತೆಗೆದುಕೊಳ್ಳಿ, ಶಹಾಪುರದ ದಾರಿಯನ್ನು ಮರಳಿ ಕೊಡಿ. ಆಗದು ಎಂದಾದರೆ ರವಿವಾರ ತಾವೇ ಆ ಓಣಿಗೆ ಬನ್ನಿ. ಕಟ್ಟೆಯ ಮೇಲೆ ಗಂಡ ನೇಯ್ದ ಸೀರೆಯುಟ್ಟ ಮುದುಕಿಯೊಬ್ಬಳು ಕೂತಿರುತ್ತಾಳೆ. ‘ನಿಮ್ಮ ಮಗ ಈ ಓಣಿಯಲ್ಲಿ ನಡೆದರೆ ಊರು ಕೆಡುತ್ತದೆ, ಅದಕ್ಕೇ ನಾನು ಅವನನ್ನು ಅಡವಿಗೆ ಕಳಿಸಿದ್ದೇನೆ’ ಎಂದು ತಮ್ಮ ಬಾಯಿಂದಲೇ ಹೇಳಿ. ಆಕೆಗೆ ಕಿವಿ ಮಂದ. ಕಚೇರಿಯ ಮೆಲುದನಿ ಅಲ್ಲಿ ನಡೆಯದು, ಓಣಿಗೆಲ್ಲ ಕೇಳುವಂತೆ ಒದರಬೇಕಾಗುತ್ತದೆ. ಒದರಿದ ಮೇಲೆ ಆಕೆ ಕಿವಿಗೆ ಕೈ ಹಚ್ಚಿ, “ಏನಂದ್ರೀ?” ಎನ್ನುತ್ತಾಳೆ. ಆಗ ಮತ್ತೊಮ್ಮೆ ಹೇಳಿ.

ಇಂತಿ,
ಅತ್ತೆಗೆ ಆ ಮಾತು ಹೇಳುವ ಧೈರ್ಯ ಸಾಲದೆ ತಮಗೆ ಬರೆಯುತ್ತಿರುವ ಅಳಿಯ,
ಅಜಿತಕುಮಾರ
ಖಾನಾಪುರ