ಖಳನಾಯಕನ ಹಲ್ಲು

ಗುರುವಾರ, ೧೪ ಆಗಸ್ಟ್. ತಾರ್ನಾಕ.

ಕಥೆ ಬರೆಯುವ ಚೇತನಕುಮಾರನಿಗೆ ನಾಚಿಕೆಯೇ ಇಲ್ಲ. ಕಾಲಯಾನದ ಒಂದು ನಗೆ ಸಿನಿಮಾ ಸರಣಿಯ ಮೂರನೆಯ ಭಾಗದಲ್ಲಿ ನಾಯಕನ ಅಜ್ಜಿ ಸತ್ತಾಗ ಥಿಯೇಟರೆಲ್ಲ ನಗುನಗುತ್ತಲೇ ಅತ್ತಿತ್ತು. ಅದರ ಮುಂದಿನ ಕಥೆಯೆಂದು ನಾವು ಮಾಡುತ್ತಿರುವ ಕಾಮಿಕ್ಸಿನ ಮೊದಲ ಪುಟದಲ್ಲೇ ಅವಳು ಎದ್ದು ಕೂತು ಮಿರ್ಚಿ ತಿನ್ನುತ್ತಾಳೆ!

"ಕಾಲಯಂತ್ರ ಐತಲ್ರಿ ಶೀತಲ, ಸತ್ತಾಕಿ ಸತ್ತಂಗ ಯಾಕ ಇರ್ಬೇಕ್ರಿ?" ಎಂದ.

ಸಿಟ್ಟಿನಲ್ಲಿ ನಾನು ಕಾಮಿಕ್ಸಿನ ಖಳನಾಯಕನಿಗೆ ಇವನದೇ ಮುಖ ಬಿಡಿಸಿದೆ. ಅದೇ ಬೋಳು ಹಣೆ, ಅದೇ ಉಬ್ಬುಹಲ್ಲು. ಇವತ್ತು ಮಾದಾಪುರದ ಆಫೀಸಿನಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕರು. ಅವನಿಗೊಬ್ಬನಿಗೇ ಗುರುತು ಸಿಗಲಿಲ್ಲ.

"ಭಾಳ ಛಲೋ ಬಂದಾನ್ರಿ ಈ ಬದ್ಮಾಶ್! ಅಜ್ಜಿನ್ನ ತೆಗೀರಿ, ಎಲ್ಲಾ ಪುಟಕ್ಕೂ ಇವನ್ನ ಹಾಕ್ರಿ."

ಅಜ್ಜಿಗೇನೋ ಮುಕ್ತಿ ಸಿಕ್ಕಿತು. ನಾನು ಮಾತ್ರ ವರ್ಷವಿಡೀ ಆ ಹಲ್ಲನ್ನೇ ಬಿಡಿಸುತ್ತ ಕೂರಬೇಕು.