ರಾಸ್ ಬೆಡಗಿನವರು

ಖಡಕಿ, ಪುಣೆ
೧೨ ಫೆಬ್ರುವರಿ ೧೯೮೪

ಪ್ರೀತಿಯ ಗೆಳತಿ ಸಾಬವ್ವನಿಗೆ, ಪಾರವ್ವ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡುವುದು ವಾಡಿಕೆ. ಈ ಸಲ ಅದನ್ನು ಬಿಡುತ್ತೇನೆ. ನೀನು ಕ್ಷೇಮವಾಗಿದ್ದೀ, ಆದರೆ ನನ್ನ ಮೇಲೆ ಕೆಂಡದಂಥ ಸಿಟ್ಟಿನಲ್ಲಿದ್ದೀ ಎಂದು ಗೊತ್ತು. ಎರಡು ಕಾರ್ಡು ಹಾಕಿದೆ, ಎರಡಕ್ಕೂ ಉತ್ತರವಿಲ್ಲ. ಇದನ್ನು ಲಕೋಟೆಯಲ್ಲಿ ಕಳಿಸುತ್ತಿದ್ದೇನೆ, ಏಕೆಂದರೆ ಇಳಕಲ್ಲಿನ ಅಂಚೆಯವನಿಗಿಂತ ಮೊದಲು ನೀನು ಓದಬೇಕು. ಪೂರ್ತಿ ಓದು. ನಡುವೆ ಸಿಟ್ಟು ಬಂದರೆ ಎದ್ದು ನೀರು ಕುಡಿದು ಬಂದು ಮತ್ತೆ ಓದು.

ಕಾರ್ತಿಕದಲ್ಲಿ ನಿಮ್ಮ ಸುಂದರನಿಗೂ ನಮ್ಮ ಗಂಗಾಳಿಗೂ ನಿಶ್ಚಯ ಮಾಡಲು ನೀವು ಹನ್ನೆರಡು ಮಂದಿ ಬಂದಿದ್ದಿರಿ. ಸಕ್ಕರೆ ತಟ್ಟೆಯಲ್ಲಿತ್ತು, ಹೋಳಿಗೆ ಬುಟ್ಟಿಯಲ್ಲಿತ್ತು. ಆಗ ಬಾಗಿಲಲ್ಲಿ ಗಂಟೆಯ ಸದ್ದಾಯಿತು. ನಿಮ್ಮವರು "ನಮ್ಮ ಹೆಳವ ಬಂದ" ಎಂದರು. ಅದೇ ಉಸಿರಿಗೆ ನಮ್ಮವರೂ "ನಮ್ಮ ಹೆಳವ ಬಂದ" ಎಂದರು. ಮನೆತನದ ಹೆಸರುಗಳನ್ನು ಏಳು ತಲೆಮಾರಿನವರೆಗೆ ಬರೆದಿಟ್ಟು, ಊರೂರು ತಿರುಗಿ ಹೊಗಳಿ ಹಾಡುವ ಹೆಳವ ಒಂದು ಬೆಡಗಿಗೆ ಒಬ್ಬನೇ. ಎರಡೂ ಮನೆಯ ಬಾಗಿಲಿಗೆ ಹೆಳವ ತಾಯಪ್ಪನೇ ಬರುತ್ತಾನೆಂದರೆ ಎರಡೂ ಮೆಣಸಿನ ಬೆಡಗಿನ ಮನೆಗಳು. ಒಂದೇ ಬೆಡಗಿನವರೆಂದರೆ ಒಬ್ಬನೇ ಮೂಲಪುರುಷನ ಕುಲದವರು, ಹುಡುಗ ಹುಡುಗಿ ಅಣ್ಣ ತಂಗಿ. ನೀವು ಊಟಕ್ಕೂ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟುವಾಗ ನೀನು ನನ್ನ ಕಡೆ ನೋಡಿದ ನೋಟ ನನಗೆ ಇನ್ನೂ ಚುಚ್ಚುತ್ತಿದೆ.

ಚುಚ್ಚಲೇಬೇಕು. ನೀನು ಆಷಾಢದಲ್ಲೇ ಕಾರ್ಡು ಬರೆದು ನಿಮ್ಮದು ಯಾವ ಬೆಡಗು ಎಂದು ಕೇಳಿದ್ದೆ. ಗೆಳೆತನದ ಸಲಿಗೆಯಲ್ಲಿ ಕೇಳದೇ ಬಿಡುವವಳಲ್ಲ ನೀನು. ನಾನು, ಯಾವ ಅಡ್ಡಿಯೂ ಇಲ್ಲ, ನಿಶ್ಚಿಂತೆಯಿಂದ ಇರು ಎಂದು ಉತ್ತರ ಬರೆದೆ. ನಮ್ಮವರಿಗೂ, ಬೆಡಗು ಎಲ್ಲ ವಿಚಾರಿಸಿದ್ದೇನೆ ಎಂದುಬಿಟ್ಟೆ. ನಿಮ್ಮವರದು ಮೆಣಸಿನ ಬೆಡಗು ಎಂದು ನನಗೆ ಗೊತ್ತಿತ್ತು. ಮಂದಿ ನಮ್ಮನ್ನೂ ಅದೇ ಬೆಡಗಿನವರೆಂದು ಕರೆಯುತ್ತಾರೆಂದೂ ಗೊತ್ತಿತ್ತು. ಆದರೆ ನಮ್ಮದು ಸುಳ್ಳು ಎಂಬುದು ಇಪ್ಪತ್ತೆರಡು ವರ್ಷದಿಂದ ನನ್ನ ಹೊಟ್ಟೆಯಲ್ಲಿತ್ತು. ಇಲ್ಲದ ಬೆಡಗು ಅಡ್ಡ ಹೇಗೆ ಬಂದೀತು ಎಂದುಕೊಂಡೆ. ನನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಅದನ್ನು ನಿಜವೆಂದು ನಂಬಿದ್ದಾರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮುಲ್ಕಿ ಪರೀಕ್ಷೆಯಲ್ಲಿ ನಿನಗಿಂತ ಹನ್ನೊಂದು ಅಂಕ ಹೆಚ್ಚು ತೆಗೆದವಳ ಬುದ್ಧಿ ಇದು. ನಗಬೇಕೆನಿಸಿದರೆ ನಗು.

ಈಗ ನಿಜ ಹೇಳುತ್ತೇನೆ. ನಮ್ಮ ಮಾವ ಕಾಂತಪ್ಪನವರ ತಾಯಿ ಯಮನವ್ವ. ಬರಗಾಲದಲ್ಲಿ ವಿಜಾಪುರದ ಕಡೆಯಿಂದ, ಕೂಲಿಗಳ ಮುಕಾದಮ ಹುಲಿಗೆಪ್ಪನ ಗುಂಪಿನ ಜೊತೆ ಕಲ್ಲು ಹೊರಲು ಇಲ್ಲಿಗೆ ಬಂದವಳು. ಇಲ್ಲಿನ ಉಗ್ರಾಣವೊಂದರ ಮೇಲ್ವಿಚಾರಕ ಡಂಕನ್ ರಾಸ್ ಎಂಬ ಬಿಳಿಯ. ಇಂಗ್ಲೆಂಡಿನವನಲ್ಲ, ಅದರ ಮೇಲಿನ ಗುಡ್ಡಗಾಡು ಸ್ಕಾಟ್‌ಲೆಂಡಿನವನು. ಅವರಿಬ್ಬರ ಮಗ ನಮ್ಮ ಮಾವ. ಮಾವನಿಗೆ ಆರು ವರ್ಷವಿದ್ದಾಗ ರಾಸ್ ಜ್ವರದಲ್ಲಿ ಸತ್ತ. ಮಗ ಮದುವೆಯ ವಯಸ್ಸಿಗೆ ಬಂದಾಗ ಹೆಣ್ಣಿನ ಕಡೆಯವರು ಬೆಡಗು ಕೇಳಿದರು. ಬೆಡಗು ಬರುವುದು ತಂದೆಯಿಂದ, ಯಮನವ್ವ ಏನು ಹೇಳಿಯಾಳು? ಹುಲಿಗೆಪ್ಪ ತನ್ನ ಬೆಡಗನ್ನು ಕೊಟ್ಟ. "ಹೆಸರು ಕೊಟ್ಟರ ನಂದೇನೂ ಕಡಿಮಿ ಆಗಂಗಿಲ್ಲವ್ವಾ, ತಗೋ" ಎಂದನಂತೆ. ತಾಯಪ್ಪನ ಅಜ್ಜನಿಗೆ ಒಂದು ಹೋರಿ ಕೊಟ್ಟು ಪುಸ್ತಕದಲ್ಲಿ ಬರೆಸಿದರು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಅವರು ಹೇಳಿದ್ದು ಒಂದೇ ಸುಳ್ಳು. ಅದು ಅಜ್ಜನ ಮದುವೆ ಮಾಡಿತು, ಮೊಮ್ಮಗಳ ಮದುವೆ ಮುರಿಯಿತು.

ಅತ್ತೆ ಇದನ್ನೆಲ್ಲ ಸಾಯುವ ಮೊದಲು ನನಗೆ ಹೇಳಿದರು. ಮಗನಿಗೆ ಹೇಳಬೇಡವೆಂದು ಆಣೆ ಹಾಕಿಸಿಕೊಂಡರು. ಆದ್ದರಿಂದ ಮೊನ್ನೆ ಮೊನ್ನೆಯವರೆಗೂ ನಮ್ಮವರಿಗೆ ಏನೂ ಗೊತ್ತಿರಲಿಲ್ಲ. ಅವರ ಬೆಕ್ಕಿನ ಕಣ್ಣು ನೋಡಿ ನಮ್ಮ ಮದುವೆಯಲ್ಲಿ ನೀನೇ ನನ್ನನ್ನು ಕಾಡಿದ್ದೆ, ನೆನಪಿದೆಯೇ? ಪುಣೆಯಲ್ಲಿ ಅಂಥ ಕಣ್ಣು ಓಣಿಗೆ ನಾಲ್ಕು. ಇಲ್ಲಿ ಯಾರೂ ಕಾರಣ ಕೇಳುವುದಿಲ್ಲ.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ಮೂರು ವರ್ಷದ ಹಿಂದೆ ಹೆಲೆನ್ ರಾಸ್ ಎಂಬ ಮುದುಕಿ ಸ್ಕಾಟ್‌ಲೆಂಡಿನಿಂದ ನಮ್ಮ ಮನೆಗೆ ಬಂದಿದ್ದಳು. ನಿವೃತ್ತ ಶಿಕ್ಷಕಿ, ಇಲ್ಲಿಯವರ ಮಾತಿನಲ್ಲಿ ಶಾಲಾ ಬಾಯಿ, ಡಂಕನ್‌ನ ತಮ್ಮನ ಮೊಮ್ಮಗಳು. ಕೈಯಲ್ಲಿ ಉದ್ದನೆಯ ಸುರುಳಿ ಕಾಗದ, ಅದರ ತುಂಬ ಅವರ ಮನೆತನದ ಹೆಸರುಗಳು. ಮರಾಠಿ ಬಲ್ಲ ಚರ್ಚಿನ ಗುಮಾಸ್ತನನ್ನು ಜೊತೆಗೆ ಕರೆದುಕೊಂಡು ಖಡಕಿಯ ಹಳೆಯ ಕನ್ನಡದ ಮನೆಗಳನ್ನೆಲ್ಲ ಸುತ್ತುತ್ತಿದ್ದಳು. ಯಮನವ್ವ ಎಂಬವಳ ಪೈಕಿ ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ಇಲ್ಲ ಎಂದೆ. ಚಹಾ ಕೊಟ್ಟು, ಕೈ ಮುಗಿದು ಕಳಿಸಿದೆ. ಅವಳು ಹೋದ ಮೇಲೆ ನನಗೆ ಬಹಳ ನಾಚಿಕೆಯಾಯಿತು. ಆದರೂ ಅವಳು ಬಿಟ್ಟುಹೋದ ವಿಳಾಸದ ಚೀಟಿಯನ್ನು ಹರಿಯದೆ ಇಟ್ಟುಕೊಂಡೆ.

ನಿಶ್ಚಯ ಮುರಿದ ಮೇಲೆ ಗಂಗಾ ಅಳಲಿಲ್ಲ. ಅತ್ತಿದ್ದರೆ ನಾನು ಸಂಭಾಳಿಸುತ್ತಿದ್ದೆ. ಬ್ಯಾಂಕಿಗೆ ಹೋದಳು, ಬಂದಳು, ಉಂಡಳು. ಒಂದು ದಿನ ಅವರಪ್ಪ ಬೇರೆ ವರದ ಮಾತು ತೆಗೆದಾಗ, "ನಾಕು ವರ್ಷ ಆ ಮನಶ್ಯಾಗ ಮನಸ್ಸು ಕೊಟ್ಟೀನಿ. ಈಗ ಅಣ್ಣಾ ಅಂತ ಕರಿ ಅಂದ್ರ ನನ್ನ ಕೈಲೆ ಆಗಂಗಿಲ್ಲ" ಎಂದಳು. ಮೆಲ್ಲಗೆ, ಬಟ್ಟೆ ಮಡಚುತ್ತಲೇ ಹೇಳಿದಳು. ಅವತ್ತು ನಾನು ಅತ್ತೆಯ ಆಣೆಯನ್ನು ಮುರಿಯುವುದೆಂದು ಗಟ್ಟಿ ಮಾಡಿಕೊಂಡೆ. ಸತ್ತವರಿಗೆ ಕೊಟ್ಟ ಮಾತು ದೊಡ್ಡದು, ಆದರೆ ಬದುಕಿರುವ ಮಗಳಿಗಿಂತ ದೊಡ್ಡದಲ್ಲ.

ಹೆಲೆನ್‌ಗೆ ಪತ್ರ ಬರೆಸಬೇಕು, ನನಗೆ ಇಂಗ್ಲಿಷ್ ಬಾರದು. ಗಂಗಾಳನ್ನೇ ಕೂರಿಸಿಕೊಂಡು ಕನ್ನಡದಲ್ಲಿ ಹೇಳುತ್ತ ಹೋದೆ, ಅವಳು ಇಂಗ್ಲಿಷಿನಲ್ಲಿ ಬರೆಯುತ್ತ ಹೋದಳು. ಬ್ಯಾಂಕಿನ ಅಭ್ಯಾಸ, ಕೈ ತಾನೇ ಓಡುತ್ತದೆ. ಕಾಂತಪ್ಪನ ಹೆಸರಿಗೆ ಬಂದಾಗ ಪೆನ್ನು ನಿಂತಿತು. "ಅವ್ವಾ, ಇದು ನಮ್ಮ ಮುತ್ಯಾ ಅಲ್ಲೇನು" ಎಂದಳು. ಹೌದು, ಮುಂದೆ ಬರಿ ಎಂದೆ.

ಹೆಲೆನ್ ಜನವರಿ ಕೊನೆಗೆ ಓಡಿ ಬಂದಳು. ಅರವತ್ತೆಂಟು ವರ್ಷ, ಮೊಣಕಾಲು ನೋವು, ಆದರೂ ನಮ್ಮವರು ಮನೆಯಲ್ಲಿಲ್ಲದ ಹೊತ್ತಿಗೆ ನಮ್ಮ ಮೆಟ್ಟಿಲು ಹತ್ತಿ ಬಂದು ಮೊದಲು ಹೇಳಿದ್ದು, ಆ ದಿನ ನೀನು ಸುಳ್ಳು ಹೇಳುತ್ತಿದ್ದೀ ಎಂದು ನನಗೆ ಗೊತ್ತಾಗಿತ್ತು ಎಂದು. ಶಾಲಾ ಬಾಯಿ ಅಲ್ಲವೇ. ಅವರಲ್ಲಿ ಕ್ಲಾನ್ ಎನ್ನುತ್ತಾರಂತೆ. ಅವಳು ವಿವರಿಸಿದಷ್ಟೂ ಅದು ನಮ್ಮ ಬೆಡಗೇ ಎನಿಸಿತು. ಒಬ್ಬ ಮೂಲಪುರುಷ, ಅವನ ಹೆಸರು ಹೊತ್ತ ಸಾವಿರ ಮನೆ. ಕ್ಲಾನಿಗೊಂದು ಗಿಡ ಬೇರೆ ಇದೆ, ಹಬ್ಬದಲ್ಲಿ ಅದರ ಚಿಗುರನ್ನು ಟೊಪ್ಪಿಗೆಗೆ ಸಿಕ್ಕಿಸಿಕೊಳ್ಳುತ್ತಾರಂತೆ. ಒಂದೇ ಕ್ಲಾನಿನವರು ಮದುವೆಯಾಗಬಹುದು ಎಂದಾಗ ಮಾತ್ರ ನಾನು ಕಿವಿ ಮುಚ್ಚಿಕೊಂಡೆ. ಅವರ ಹೆಳವ ಯಾರು ಎಂದು ಕೇಳಿದೆ. ಎತ್ತೂ ಇಲ್ಲ, ಗಂಟೆಯೂ ಇಲ್ಲ, ಹೀಗೆ ಹುಚ್ಚು ಹಿಡಿದ ಮುದುಕಿಯರೇ ಹುಡುಕಿ ಬರೆಯುತ್ತಾರೆ ಎಂದಳು.

ಅವಳ ಸುರುಳಿಯಲ್ಲಿ ಡಂಕನ್ ಅವಿವಾಹಿತ, ಸಂತಾನವಿಲ್ಲ ಎಂದಿತ್ತು. ಅದೂ ಸುಳ್ಳೇ. ಅವನು ತಂಗಿಗೆ ಬರೆದ ಒಂಬತ್ತು ಪತ್ರಗಳಿದ್ದವು, ತಂಗಿ ಅವನ್ನು ಮುಚ್ಚಿಟ್ಟಿದ್ದಳು. ಅವು ಕೈಗೆ ಸಿಕ್ಕ ಮೇಲೆಯೇ ಹೆಲೆನ್ ನಮ್ಮನ್ನು ಹುಡುಕಲು ಹೊರಟದ್ದು. ಗಂಗಾ ನನಗೆ ಓದಿ ಹೇಳಿದಳು. ಯಮನವ್ವನನ್ನು ಜೇಜುರಿಗೆ ಕರೆದುಕೊಂಡು ಹೋಗಿ ಖಂಡೋಬನ ಮುಂದೆ ತಾಳಿ ಕಟ್ಟಿದನಂತೆ. ಅವಳ ಕಡೆಯವರು ಎರಚಿದ ಅರಿಶಿನದ ಭಂಡಾರದಿಂದ ತನ್ನ ಒಳ್ಳೆಯ ಕೋಟು ಹಳದಿಯಾಯಿತು, ಎಷ್ಟು ಒಗೆದರೂ ಹೋಗಲಿಲ್ಲ, ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗುತ್ತೇನೆ ಎಂದು ಬರೆದಿದ್ದಾನೆ. ಸಾಬವ್ವಾ, ಅದನ್ನು ಕೇಳಿ ನಾನು ಅತ್ತುಬಿಟ್ಟೆ. ಯಮನವ್ವನನ್ನು ಇಷ್ಟು ವರ್ಷ ನಾನು ಮನಸ್ಸಿನಲ್ಲೇ ಹಗುರಾಗಿ ನೋಡಿದ್ದೆ. ಹಗುರಾಗಿದ್ದವಳು ನಾನು.

ಆದರೆ ಬಿಳಿಯ ಮುದುಕಿಯ ಕಾಗದ ನಿಮ್ಮ ಹಿರಿಯರಿಗೆ ಸಾಲದು ಎಂದು ಗೊತ್ತಿತ್ತು. ತಾಯಪ್ಪ ಈಗ ಎತ್ತು ಬಿಟ್ಟು ಎಸ್.ಟಿ. ಬಸ್ಸಿನಲ್ಲಿ ತಿರುಗುತ್ತಾನೆ. ಅವನು ಸಾಸವಡದಲ್ಲಿದ್ದಾನೆಂದು ತಿಳಿದು ನಾನೂ ಗಂಗಾಳೂ ಅಲ್ಲಿಗೇ ಹೋದೆವು. ಪುಸ್ತಕ ತೆಗೆ ಎಂದೆ. ಮೊದಲು ಒಪ್ಪಲಿಲ್ಲ. ನೀನು ನಂಬಿಗಸ್ತ, ನಿನ್ನ ಬಾಯಿಂದ ಬಂದ ಹೆಸರು ಸುಳ್ಳಾದರೆ ನಿನ್ನ ಹೊಟ್ಟೆಗೂ ಒಳ್ಳೆಯದಲ್ಲ ಎಂದೆ. ತೆಗೆದ. ಹುಲಿಗೆಪ್ಪನ ಪುಟದಲ್ಲಿ ಇಬ್ಬರು ಗಂಡುಮಕ್ಕಳು ಒಂದು ಶಾಯಿಯಲ್ಲಿ, ಕಾಂತಪ್ಪ ಬೇರೆ ಶಾಯಿಯಲ್ಲಿ, ಅಂಚಿನಲ್ಲಿ. ಪಕ್ಕದಲ್ಲೇ ದಾನ ಬಂದ ಹೋರಿಯ ಬಣ್ಣವನ್ನೂ ಬರೆದಿದ್ದಾರೆ. "ನಮ್ಮಜ್ಜ ಬರದದ್ದರಿ. ಹೆಳವ ಬರದದ್ದು ಸುಳ್ಳಾಗಬಾರದು ಅಂತ ನಾ ಓದಿಕೋತ ಬಂದೆ. ಗೊತ್ತಿಲ್ಲಂತ ಅಲ್ಲ" ಎಂದು ತಲೆ ತಗ್ಗಿಸಿದ. ಅವನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ನಾನೂ ಅದನ್ನೇ ಮಾಡಿದ್ದೆನಲ್ಲ.

ಉಳಿದದ್ದು ನಮ್ಮವರು. ಇದೇ ನನಗೆ ಎಲ್ಲಕ್ಕಿಂತ ಕಠಿಣವಾದದ್ದು. ಐವತ್ತಾರು ವರ್ಷ ಶಿವರುದ್ರಪ್ಪ ಎಂದರೆ ಮೆಣಸಿನವರ ಶಿವರುದ್ರಪ್ಪ ಎಂದು ತಲೆ ಎತ್ತಿ ನಡೆದ ಮನುಷ್ಯ. ಬೆಳಿಗ್ಗೆ ಚಹಾದ ಹೊತ್ತಿಗೆ ಎಲ್ಲ ಹೇಳಿದೆ. ಕಪ್ಪು ಕೆಳಗಿಟ್ಟು, "ಅಪ್ಪಗ ಗೊತ್ತಿತ್ತೇನು?" ಎಂದರು. ಗೊತ್ತಿತ್ತು ಎಂದೆ. "ಅಂದ್ರ ಜಲ್ಮಪೂರ್ತಿ ಅವ ಒಬ್ಬನ ಇದನ್ನ ಹೊತ್ತಾನ" ಎಂದರು. ಮೂರನೆಯ ದಿನ ತಾವಾಗಿಯೇ ಹೆಲೆನ್‌ಳನ್ನು ಕರೆದುಕೊಂಡು ಗೋರಿಗಳಿರುವ ಜಾಗಕ್ಕೆ ಹೋಗಿ, ತೆಂಗಿನ ನಾರಿನಿಂದ ಡಂಕನ್‌ನ ಕಲ್ಲನ್ನು ತಿಕ್ಕಿ ತೊಳೆದು ಬಂದರು. ಬಂದವರು, ಆ ಕ್ಲಾನಿನ ಗಿಡ ಪುಣೆಯ ಹವೆಗೆ ಬರುತ್ತದೆಯೇ ಕೇಳು ಎಂದು ಗಂಗಾಳಿಗೆ ಹೇಳಿದರು. ಬರುವುದಿಲ್ಲವಂತೆ. ಅದಕ್ಕೂ ಬೇಜಾರು ಮಾಡಿಕೊಂಡರು.

ಈಗ ನಾನು ನಿನ್ನನ್ನು ಬೇಡಿಕೊಳ್ಳುತ್ತಿಲ್ಲ, ಗಟ್ಟಿಯಾಗಿಯೇ ಹೇಳುತ್ತಿದ್ದೇನೆ. ನಮ್ಮ ಬೆಡಗು ಮೆಣಸಿನದಲ್ಲ, ರಾಸ್. ನಿಮ್ಮ ಮನೆಗೂ ಆ ಬೆಡಗಿಗೂ ಭೂಮಿ ಹುಟ್ಟಿದಾಗಿನಿಂದ ಅಣ್ಣತಮ್ಮಿಕೆ ಇಲ್ಲ. ಋಷಿಮೂಲ ನದೀಮೂಲ ಹುಡುಕಬಾರದು ಎನ್ನುತ್ತಾರೆ. ನಮ್ಮದನ್ನು ಹುಡುಕಿ ನಿನ್ನ ಮುಂದೆ ಇಟ್ಟಿದ್ದೇನೆ. ಮಂದಿ ಏನನ್ನುತ್ತಾರೆ ಎಂಬ ಹೆದರಿಕೆ ನನಗೂ ಇದೆ. ನಾಲ್ಕು ದಿನ ಅಂದಾರು, ಐದನೆಯ ದಿನ ಅವರವರ ಮನೆಯ ಕೆಲಸಕ್ಕೆ ಹೋದಾರು. ಬಿಳಿಯನ ಮರಿಮೊಮ್ಮಗಳು ನಮ್ಮ ಮನೆಗೆ ಬೇಡ ಎಂದರೆ ಹಾಗೆಂದೇ ಬರೆ, ನಾನು ತಡೆದುಕೊಳ್ಳುತ್ತೇನೆ. ಅಣ್ಣ ತಂಗಿ ಎಂದು ಮಾತ್ರ ಇನ್ನು ಬರೆಯಬೇಡ. ನಿನಗೆ ನಾನು ಹೇಳಿದ ಸುಳ್ಳು ಒಂದೇ, ಅದಕ್ಕೆ ಕ್ಷಮೆ ಕೇಳುತ್ತೇನೆ. ಇನ್ನು ಮುಂದೆ ನಿನ್ನಿಂದ ಏನನ್ನೂ ಮುಚ್ಚುವುದಿಲ್ಲ.

ನಿಮ್ಮವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಸೊಂಟದ ನೋವಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ.

ಇಂತಿ ನಿನ್ನ ಬಾಲ್ಯದ ಗೆಳತಿ, ಬೀಗಿತ್ತಿಯಾಗಲು ಇನ್ನೂ ಹಟ ಬಿಡದವಳು,
ಪಾರವ್ವ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಇವತ್ತು ಆದಿತ್ಯವಾರ ಮಧ್ಯಾಹ್ನ ತಾಯಪ್ಪ ಸಾಸವಡದಿಂದ ಬಂದ. ಕಾಂತಪ್ಪನ ಹೆಸರನ್ನು ಹುಲಿಗೆಪ್ಪನ ಪುಟದಿಂದ ಹೊಡೆದುಹಾಕಿ, ಓಣಿಯವರೆಲ್ಲ ಕೇಳುವಂತೆ ನಮ್ಮ ಬಾಗಿಲಲ್ಲಿ ನಿಂತು ನಿಜವಾದ ಹೆಸರುಗಳನ್ನು ಹೇಳಿದ. ನಮ್ಮವರು ಕೈ ಮುಗಿದು ನಿಂತಿದ್ದರು. ನಿನ್ನ ಮಗ ಸುಂದರನೂ ತಾನು ಕೆಲಸ ಮಾಡುವ ತಳೇಗಾಂವದಿಂದ ಬಂದು ನಿಂತಿದ್ದ. ಅವ್ವನಿಗೆ ಹೇಳಬೇಡಿ ಎಂದಿದ್ದಾನೆ, ಆದರೆ ಏನನ್ನೂ ಮುಚ್ಚುವುದಿಲ್ಲ ಎಂದು ಮೇಲೆ ನಿನಗೆ ಮಾತು ಕೊಟ್ಟಾಗಿದೆ. ಗಂಗಾಳ ಹೆಸರನ್ನೂ ಪುಸ್ತಕದಲ್ಲಿ ಬರೆಯಿರಿ ಎಂದು ಅವನು ತಾಯಪ್ಪನಿಗೆ ಹೇಳಿದ. "ಹೆಣ್ಣುಮಕ್ಕಳ ಹೆಸರು ತವರಮನಿ ಪುಟದಾಗ ಬರಿಯಂಗಿಲ್ಲರಿ. ಗಂಡನ ಮನಿ ಪುಟದಾಗ ಬರೀತೀವಿ" ಎಂದ ತಾಯಪ್ಪ. "ಹಂಗಾದ್ರ ನಮ್ಮನಿ ಪುಟಾ ತಗೀರಿ" ಎಂದ ನಿನ್ನ ಮಗ. ತಾಯಪ್ಪ ತೆಗೆದ. ಹಿರಿಯರ ಒಪ್ಪಿಗೆ ಬಾರದೆ ಬರೆಯುವುದಿಲ್ಲವೆಂದು ಪೆನ್ನು ಮುಚ್ಚಿಟ್ಟು ನಮ್ಮ ಪಡಸಾಲೆಯಲ್ಲೇ ಕೂತಿದ್ದಾನೆ. ನಿನ್ನ ಉತ್ತರ ಬರುವವರೆಗೆ ಏಳುವುದಿಲ್ಲವಂತೆ.