ಮೆಲ್ಲಗೆ ತುಳಿದ ಪೆಡಲ್

ನವೆಂಬರ್ ೧೮, ಮಂಗಳವಾರ

"ಅಕ್ಕನ ಕಾಲು ಇನ್ನು ಮೆಷಿನ್ ತುಳಿಯೋದಿಲ್ಲ." ಸ್ಟ್ರೋಕ್ ಆಗಿ ನಾನು ಆಸ್ಪತ್ರೆಯಲ್ಲಿದ್ದಾಗ ಓರಗಿತ್ತಿ ನನ್ನ ಗಿರಾಕಿಗಳಿಗೆಲ್ಲ ಹೀಗೆ ಹೇಳಿ, ನನ್ನ ಹೊಲಿಗೆ ಮೆಷಿನ್ನನ್ನು ತನ್ನ ಕೋಣೆಗೆ ಸಾಗಿಸಿಕೊಂಡಳು. ಆ ಮಾತು ಇವತ್ತೂ ಚುಚ್ಚುತ್ತಿದೆ.

ಇವತ್ತು ಆಸ್ಪತ್ರೆಯಲ್ಲಿ ಕಾಲಿನ ವ್ಯಾಯಾಮಕ್ಕೆ ಅವಳೇ ಜೊತೆಗೆ ಬಂದಿದ್ದಳು. ತೋರಿಸಿಯೇ ಬಿಡುತ್ತೇನೆಂದು ಅಲ್ಲಿನ ನಿಂತಲ್ಲೇ ತುಳಿಯುವ ಸೈಕಲ್ಲನ್ನು ಜೋರಾಗಿ ತುಳಿದೆ. ಎಡಗಾಲು ಕೊರಡಿನಂತೆ ಸೆಟೆದುಕೊಂಡಿತು. ಮಂಡಿ ಬಗ್ಗಲಿಲ್ಲ, ಪಾದ ಪೆಡಲ್ ಮೇಲೆ ಪಟಪಟ ಅದುರಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಅವಸರ ಮಾಡಿದಷ್ಟೂ ಸ್ನಾಯು ಬಿಗಿಯುತ್ತೆ ಅಮ್ಮ. ಮೆಲ್ಲಗೆ ತುಳೀರಿ," ಅಂದರು ವ್ಯಾಯಾಮ ಮಾಡಿಸುವವರು.

ಸಿಟ್ಟು ನುಂಗಿಕೊಂಡು ಮೆಲ್ಲಗೆ ಒತ್ತಿದೆ. ಕಾಲು ಸಡಿಲವಾಯಿತು. ಪೆಡಲ್ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತೂ ತಿರುಗಿತು. ಅವಳ ನಗು ಇಂಗಿಹೋಯಿತು.

"ನಾಳೆ ಮೆಷಿನ್ ನನ್ನ ಕೋಣೆಗೆ ತಂದಿಡು," ಅಂದೆ.

"ಗಿರಾಕಿಗಳ ಬಟ್ಟೆ ಅರ್ಧ ಹೊಲಿದಿಟ್ಟಿದ್ದೀನಲ್ಲ ಅಕ್ಕ."

"ಅವನ್ನೂ ತಾ, ನಾನು ಮುಗಿಸ್ತೀನಿ. ಗಿರಾಕಿಗಳಿಗೆ ನೀನೇ ಹೇಳು."

ಮನೆ ಸೇರುವವರೆಗೂ ಅವಳು ಮುಖ ಊದಿಸಿಕೊಂಡೇ ಇದ್ದಳು. ನನ್ನ ಹೊಟ್ಟೆ ತಣ್ಣಗಾಯಿತು.

ಅವಳು ಕ್ಷಮೆ ಮಾತ್ರ ಕೇಳದಿರಲಿ. ಬೆಳಿಗ್ಗೆ ಬೆಳಿಗ್ಗೆ ನನ್ನನ್ನು ಹಾಸಿಗೆಯಿಂದ ಎಬ್ಬಿಸುವುದು ಈ ಸಿಟ್ಟೇ. ಅದೂ ಹೋದರೆ ಆಮೇಲೆ ನಾನು ಯಾವ ಹಟಕ್ಕೆ ಏಳಲಿ?